ಕೆಂಪು ಕಡ್ಡಿಯ ಡಾಗ್‌ವುಡ್ ನಮ್ಮ ಕಣದ ಪಕ್ಕ ಬರುತ್ತಾ?

ಆಲ್ದೂರು ಅಂಗಳ | ಡಿಸೆಂಬರ್ 9

ಎಲ್ಲರಿಗೂ ನಮಸ್ಕಾರ. ಮಗಳು ಕೆನಡಾದಲ್ಲಿದ್ದಾಳೆ. ಹೋದ ವರ್ಷ ಚಳಿಗಾಲದಲ್ಲಿ ವಿಡಿಯೋ ಕಾಲ್ ಮಾಡಿ ಮನೆ ಮುಂದಿನ ಹಿಮ ತೋರಿಸ್ತಿದ್ದಳು. ಸುತ್ತ ಒಂದು ಹಸಿರೆಲೆ ಇಲ್ಲ. ಗೇಟಿನ ಹತ್ತಿರ ಮಾತ್ರ ಒಂದು ಪೊದೆ, ಎಲೆಯಿಲ್ಲದ ಬರೀ ಕಡ್ಡಿಗಳು, ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ ಕೆಂಪು. ಯಾರೋ ಪೇಂಟ್ ಹೊಡೆದಿದ್ದಾರೆ ಅಂದ್ಕೊಂಡೆ. ಗಿಡದ ಬಣ್ಣವೇ ಅದು, ಹೆಸರು ಡಾಗ್‌ವುಡ್ ಅಂದಳು. ನಮ್ಮ ಮನೆಯವರು ಪಕ್ಕದಲ್ಲಿ ಕೂತು "ನಾಯಿಗೂ ಒಂದು ಮರ ಇದೆಯಾ" ಅಂತ ನಕ್ಕಿದ್ದೇ ನಕ್ಕಿದ್ದು.

ಅಂಥದ್ದೊಂದು ಸಾಲು ನಮ್ಮ ಕಣದ ಪಕ್ಕ ಇರಬೇಕು ಅಂತ ಅವತ್ತಿಂದ ಆಸೆ. ಕುಯ್ಲಿನ ಹೊತ್ತಿಗೆ ಅಂಗಳದಲ್ಲಿ ಬಣ್ಣ ಅಂತ ಇರೋದು ಒಣಗೋಕೆ ಹರಡಿದ ಹಣ್ಣು ಕಾಫಿ ಒಂದೇ. ಅದೂ ನಾಲ್ಕು ದಿನಕ್ಕೆ ಕಪ್ಪಾಗುತ್ತೆ.

ಆನ್‌ಲೈನಲ್ಲಿ ಬೀಜ ಇದೆ ಅಂತ ನೋಡಿ ಮಾರ್ಚಲ್ಲಿ ತರಿಸಿದೆ. ಐವತ್ತು ಬೀಜ, ಪ್ಯಾಕೆಟ್ ಮೇಲೆ ಕೆಂಪು ಕಡ್ಡಿಯ ಫೋಟೋ. ಎಂಟೇ ದಿನಕ್ಕೆ ಮೊಳಕೆ! ಕಾಂಡವೂ ಕೆಂಪು. ಕುಣಿದಾಡಿಬಿಟ್ಟೆ. ತಿಂಗಳಾದ ಮೇಲೆ ಅತ್ತೆ ಬಂದು ನೋಡಿ "ಇದು ಕೆಂಪು ದಂಟು ಕಣೇ, ಬಲಿಯೋಕೆ ಮುಂಚೆ ಕಿತ್ತುಕೊಡು" ಅಂದರು. ಹುಳಿ ಚೆನ್ನಾಗಿತ್ತು, ಅದಕ್ಕೇನೂ ದೂರಿಲ್ಲ.

ಜನವರಿಯಲ್ಲಿ ಮಗಳು ಬರ್ತಾಳೆ. ನಾಲ್ಕು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ತಾ ಅಂತ ಹೇಳಲಾ? ಯಾರಾದರೂ ಈ ಗಿಡ ಇಲ್ಲಿ ಬೆಳೆಸಿದ್ದೀರಾ?

ಹಾಸನದ ಹೂಕುಂಡ | ಡಿಸೆಂಬರ್ 9

ದಂಟಿನ ಕತೆ ಓದಿ ಟೀ ನೆತ್ತಿಗೇರಿತು ಅಕ್ಕ 😄 ನನಗೆ ಬಂದಿದ್ದ 'ನೀಲಿ ಗುಲಾಬಿ' ಬೀಜ ಕೊನೆಗೆ ಬದನೆಕಾಯಿ ಆಗಿತ್ತು. ನಿಮ್ಮದೇ ವಾಸಿ.

ಕೊಟ್ಟಿಗೆಹಾರದ ಕೊಡೆ | ಡಿಸೆಂಬರ್ 9

ನಾನು ಬೆಳೆಸಿದ್ದೀನಿ. ಬೆಳೆಸಿದ್ದೀನಿ ಅನ್ನೋದಕ್ಕಿಂತ ಎರಡು ವರ್ಷ ಸಾಯಿಸಿದ್ದೀನಿ ಅನ್ನಬೇಕು.

ಹಿಮಾಚಲ ಕಡೆಯ ಒಂದು ನರ್ಸರಿಯಿಂದ ಎರಡು ಗಿಡ ತರಿಸಿದ್ದೆ. ಒಂದು ಹಸಿರೆಲೆಯದು, ಇನ್ನೊಂದು ಎಲೆಯ ಅಂಚು ಬಿಳಿ ಇರೋದು. ಮಾರ್ಚಿಂದ ಮೇ ತನಕ ನೋಡೋಕೆ ಎರಡು ಕಣ್ಣು ಸಾಲದು. ಅದರಲ್ಲೂ ಬಿಳಿ ಅಂಚಿನದು ನೆರಳಲ್ಲಿ ದೀಪ ಇಟ್ಟ ಹಾಗೆ ಕಾಣ್ತಿತ್ತು. ಜೂನ್ ಹಿಡೀತು ನೋಡಿ. ನಮ್ಮ ಮಳೆ ನಿಮಗೆ ಗೊತ್ತಲ್ಲ, ನೂರು ಇಂಚು ದಾಟೋದು ಇಲ್ಲಿ ಸುದ್ದಿಯೇ ಅಲ್ಲ. ನೀರು ನಿಂತರೂ ತಡೆಯೋ ಗಿಡ ಅಂತ ಕೇಳಿದ್ದೆ, ಬೇರು ತಡೀತು ಕೂಡ. ಎಲೆ ತಡೀಲಿಲ್ಲ. ಕಂದು ಚುಕ್ಕೆ ಬಿದ್ದು, ಚುಕ್ಕೆ ಚುಕ್ಕೆ ಕೂಡಿ ಆಗಸ್ಟಿಗೆ ಎಲ್ಲ ಉದುರಿತು. ಸೆಪ್ಟೆಂಬರಲ್ಲಿ ಮತ್ತೆ ಚಿಗುರಿತು. ಆ ಎಳೆ ಚಿಗುರು ಹೊತ್ತುಕೊಂಡೇ ಡಿಸೆಂಬರಿಗೆ ಬಂತು. ಎಲೆ ಉದುರಿಸಲೇ ಇಲ್ಲ. ಕಡ್ಡಿ? ಬಿಸಿಲು ಬೀಳೋ ಮಗ್ಗುಲು ಒಂಚೂರು ಹಳೇ ಇಟ್ಟಿಗೆ ಬಣ್ಣ, ಈಚೆ ಮಗ್ಗುಲು ಪಾಚಿ ಹಸಿರು. ನಮ್ಮ ತೋಟದಲ್ಲಿ ಹಾಜರಿ, ಲೆಕ್ಕ ಬರೆಯೋ ರೈಟರ್ ದಿನಾ ಕೇಳ್ತಿದ್ದ, "ಸರ್, ಇದು ಯಾವಾಗ ಕೆಂಪಾಗುತ್ತೆ?" ಎರಡನೇ ಮಳೆಗಾಲಕ್ಕೆ ಎರಡೂ ಹೋದವು.

ಬಯಲಸೀಮೆ ಸೊಸೆ | ಡಿಸೆಂಬರ್ 10

ಮೂಡಿಗೆರೆ ತೋಟಗಾರಿಕೆ ಕಾಲೇಜಲ್ಲಿ ಓದಿದವಳು ನಾನು. ಈಗ ಕಡೂರಲ್ಲಿ ಸಂಸಾರ. ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಅಕ್ಕ, ಎಂಟು ದಿನಕ್ಕೆ ಮೊಳೆಯಿತು ಅಂದಾಗಲೇ ಅನುಮಾನ ಬರಬೇಕಿತ್ತು. ಡಾಗ್‌ವುಡ್ ಬೀಜ ಹಾಗೆ ಏಳಲ್ಲ. ಒದ್ದೆ ಮರಳಲ್ಲಿ ಎರಡು ಮೂರು ತಿಂಗಳು ಫ್ರಿಜ್ಜಿನಷ್ಟು ತಣ್ಣಗೆ ಮಲಗಿದ ಮೇಲೇ ಅದಕ್ಕೆ ಎಚ್ಚರ.

ಡಾಗ್‌ವುಡ್ ಅಂದರೆ ಒಂದೇ ಗಿಡ ಅಲ್ಲ, ಕಾರ್ನಸ್ ಅನ್ನೋ ದೊಡ್ಡ ಬಳಗ. ಲ್ಯಾಟಿನ್‌ನಲ್ಲಿ ಕೊಂಬಿಗೆ ಕಾರ್ನು ಅಂತಾರೆ, ಕಟ್ಟಿಗೆ ಅಷ್ಟು ಗಟ್ಟಿ ಅಂತ ಆ ಹೆಸರು. ಮಗಳು ತೋರಿಸಿದ್ದು ಬಹುಶಃ ಕಾರ್ನಸ್ ಸೆರಿಸಿಯಾ. ಕೆನಡಾದ ಹೊಳೆ ದಂಡೆ, ಜೌಗಿನಲ್ಲಿ ತಾನಾಗೇ ಬೆಳೆಯೋದು ಅದು. ಅದರ ತಮ್ಮನಂಥದ್ದು ಸೈಬೀರಿಯಾ, ಉತ್ತರ ಚೀನಾ, ಕೊರಿಯಾ ಕಡೆಯ ಕಾರ್ನಸ್ ಆಲ್ಬಾ. 'ಸಿಬಿರಿಕಾ' ಅನ್ನೋ ಹವಳದ ಕೆಂಪಿನದು, ಕೊಡೆಯವರು ಹೇಳಿದ ಬಿಳಿ ಅಂಚಿನ 'ಎಲಿಗಾಂಟಿಸಿಮಾ', ಎರಡೂ ಆಲ್ಬಾದ ತಳಿಗಳೇ. ಹಳದಿ ಕಡ್ಡಿಯದು ಬೇಕಂದ್ರೆ ಸೆರಿಸಿಯಾದಲ್ಲಿ 'ಫ್ಲಾವಿರಾಮಿಯಾ' ಇದೆ. ಯುರೋಪಿನ ಕಾರ್ನಸ್ ಸಾಂಗ್ವಿನಿಯಾದಲ್ಲಿ ಬುಡ ಹಳದಿ, ತುದಿ ಕಿತ್ತಳೆಗೆಂಪು ಇರೋ 'ಮಿಡ್‌ವಿಂಟರ್ ಫೈರ್'. ಫೋಟೋದಲ್ಲಿ ನಿಜವಾಗ್ಲೂ ಬೆಂಕಿ ಹಚ್ಚಿದ ಹಾಗೇ ಇರುತ್ತೆ.

ಈಗ ಬಣ್ಣದ ವಿಷಯ. ಬೇಸಿಗೆಯಲ್ಲಿ ಅಲ್ಲೂ ಕಡ್ಡಿ ಹಸಿರಾಗೇ ಇರುತ್ತೆ. ಹಗಲು ಚಿಕ್ಕದಾಗ್ತಾ ಬಂದ ಹಾಗೆ ಗಿಡಕ್ಕೆ ಸೂಚನೆ ಸಿಗುತ್ತೆ, ಎಲೆ ಇಳಿಸುತ್ತೆ, ಬಿಸಿಲು ಮತ್ತು ಕೊರೆಯೋ ಚಳಿ ಎರಡೂ ಸೇರಿದಾಗ ತೊಗಟೆಯಲ್ಲಿ ಆಂಥೋಸಯನಿನ್ ಅನ್ನೋ ಕೆಂಪು ತುಂಬುತ್ತೆ. ಚಳಿಗೆ ಒಗ್ಗೋದರಲ್ಲಿ ಈ ಗಿಡ ಅಸಾಧ್ಯ. ಪೂರ್ತಿ ಹದಗೊಂಡ ಕಡ್ಡಿಯನ್ನ ದ್ರವ ಸಾರಜನಕದಲ್ಲಿ, ಅಂದ್ರೆ ಮೈನಸ್ 196 ಡಿಗ್ರಿಯಲ್ಲಿ ಅದ್ದಿ ತೆಗೆದರೂ ಬದುಕಿದೆ. ನೀವು ಆಲ್ದೂರಲ್ಲಿ ಬೆಳಗಿನ ಜಾವ 13 ಡಿಗ್ರಿಗೆ ಮಂಕಿ ಕ್ಯಾಪ್ ಹಾಕ್ತೀರಿ. ಅದಕ್ಕದು ಬೇಸಿಗೆ! ಮುಳ್ಳಯ್ಯನಗಿರಿ ನೆತ್ತಿ ಮೇಲೆ ನೆಟ್ಟರೂ ಅದು ಬಯಸೋ ಚಳಿ ಸಿಗಲ್ಲ.

ಸೂಟ್‌ಕೇಸ್ ಮಾತ್ರ ಬೇಡ ಅಕ್ಕ, ಕೈ ಮುಗೀತೀನಿ. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಹೊರದೇಶದಿಂದ ನೆಡುವ ಕಡ್ಡಿ ತರೋಕೆ ಮೊದಲೇ ಅನುಮತಿ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕಾನೂನು ಒಂದು ಕಡೆ ಇರಲಿ. ಕಾಫಿ ಗಿಡ ಕೊರೆಯೋ ಬಿಳಿ ಕಾಂಡಕೊರಕ ಹುಳದ ಹಿಂದೆ ಓಡಿ ಓಡಿ ಸುಸ್ತಾದ ತೋಟದವರು ನಾವು. ಕಡ್ಡಿಯೊಳಗೆ ಕೂತು ಇನ್ನೊಂದು ಹುಳ ಬರೋದು ಯಾರಿಗೆ ಬೇಕು?

ಆಲ್ದೂರು ಅಂಗಳ | ಡಿಸೆಂಬರ್ 10

ಆಯ್ತಮ್ಮ, ಸೂಟ್‌ಕೇಸ್ ಬಿಟ್ಟೆ. ಚಕ್ಕುಲಿ ಡಬ್ಬ ಹೋಗೋಕೆ ಮಾತ್ರ ಅದು.

ಇನ್ನೊಂದು. ಅಲ್ಲಿ ಅಕ್ಕಪಕ್ಕದವರು ಆ ಪೊದೆಯನ್ನ ವರ್ಷಾ ವರ್ಷಾ ಬುಡಕ್ಕೆ ಕಡೀತಾರಂತೆ. ಮಗಳಿಗೆ ಕೈ ಬರ್ತಿಲ್ಲ. ನಾವು ಕಾಫಿ ಕಸಿ ಮಾಡುವಾಗ ಬೊಡ್ಡೆ (ಮುಖ್ಯ ಕಾಂಡ) ಉಳಿಸ್ಕೊಂಡು ರೆಕ್ಕೆ (ಪಕ್ಕದ ರೆಂಬೆ) ಹಗುರ ಮಾಡ್ತೀವಿ, ನೆಟ್ಟಗೆ ಏಳೋ ಕಂಬಚಿಗುರು ಕೀಳ್ತೀವಿ. ಇದೇನಿದು ಪೂರ್ತಿ ಬೋಳಿಸೋದು?

ಹಾಸನದ ಹೂಕುಂಡ | ಡಿಸೆಂಬರ್ 10

ಕಾಫಿಗೆ ಕಸಿ ಯಾಕೆ ಕಟ್ತೀರಿ ಅಕ್ಕ? ಮಾವಿಗಲ್ವಾ ಕಸಿ?

ಕೊಟ್ಟಿಗೆಹಾರದ ಕೊಡೆ | ಡಿಸೆಂಬರ್ 10

ಅಲ್ಲಿ ಕಟ್ಟೋದು ಕಸಿ, ಇಲ್ಲಿ ಕಡಿಯೋದು ಕಸಿ ಮಾರಾಯ್ರೆ. ನೆರಳಿನ ಮರದ ಕೊಂಬೆ ಕಡಿದರೆ ಮರಗಸಿ. ನಿಮ್ಮೂರಿನ ಹುಡುಗನೊಬ್ಬ ಹೊಸದಾಗಿ ಸೂಪರ್‌ವೈಸರ್ ಆಗಿ ಬಂದು, ಕಸಿ ಕೆಲಸ ಅಂದಿದ್ದಕ್ಕೆ ಪ್ಲಾಸ್ಟಿಕ್ ಪಟ್ಟಿ ಎಲ್ಲಿ ಅಂತ ಕೇಳಿದ್ದ.

ಬಯಲಸೀಮೆ ಸೊಸೆ | ಡಿಸೆಂಬರ್ 11

ಕಾಫಿಯಲ್ಲಿ ನಮಗೆ ಬೇಕಾಗಿರೋದು ಫಸಲು, ಡಾಗ್‌ವುಡ್ಡಲ್ಲಿ ಬೇಕಾಗಿರೋದು ಎಳೇ ತೊಗಟೆ. ಒಂದು ವರ್ಷದ ಕಡ್ಡಿಗೇ ಕಡು ಬಣ್ಣ. ಎರಡು ಮೂರು ವರ್ಷ ಆದರೆ ತೊಗಟೆ ಬೂದು ಹಿಡಿದು ಮಾಮೂಲಿ ಕಟ್ಟಿಗೆ ಆಗುತ್ತೆ. ಅದಕ್ಕೇ ಚಳಿ ಮುಗಿಯೋ ಹೊತ್ತಿಗೆ, ಮೊಗ್ಗು ಒಡೆಯೋಕೆ ಮುಂಚೆ, ನೆಲದಿಂದ ಒಂದು ಗೇಣಿಗಿಂತ ಕಮ್ಮಿ ಬಿಟ್ಟು ಎಲ್ಲ ಕಡೀತಾರೆ. ಪ್ರತಿ ಮೋಟಿನಲ್ಲೂ ಎರಡು ಕಣ್ಣು ಉಳಿದರೆ ಸಾಕು, ಬೇಸಿಗೆ ಮುಗಿಯೋದ್ರೊಳಗೆ ಆಳೆತ್ತರಕ್ಕೆ ಹತ್ತಿರ ಬರುತ್ತೆ. ನೆಟ್ಟ ಮೊದಲೆರಡು ವರ್ಷ ಮುಟ್ಟಬಾರದು. ಬಿಳಿ ಅಂಚಿನ ತಳಿಗೆ ಕಸುವು ಕಮ್ಮಿ, ಅದರಲ್ಲಿ ವರ್ಷಕ್ಕೆ ಮೂರರಲ್ಲೊಂದು ಪಾಲು, ಹಳೇ ಕಡ್ಡಿ ಮಾತ್ರ ತೆಗೆದರೆ ಕ್ಷೇಮ.

ಕಡಿದ ಕಡ್ಡಿ ಬಿಸಾಡಬೇಕಿಲ್ಲ. ನಮ್ಮಲ್ಲಿ ಹಾಲುವಾಣದ ಗೂಟ ನೆಡ್ತೀವಲ್ಲ, ಹಾಗೆ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತೆ. ಮಗಳಿಗೆ ಇಷ್ಟು ಹೇಳಿ. ಧೈರ್ಯವಾಗಿ ಕಡಿಯಲಿ.

ತರೀಕೆರೆ ದಾರಿ | ಡಿಸೆಂಬರ್ 11

ನಾಯಿಮರದ ನೆಂಟರು ನಮ್ಮಲ್ಲೇ ಇದ್ದಾರೆ. ಅಂಕೋಲೆ ಗೊತ್ತಲ್ಲ? ಕುರುಚಲು ಕಾಡಲ್ಲಿ, ಕೆರೆ ಏರಿ ಮೇಲೆ ಇರುತ್ತೆ, ಮುಳ್ಳು ಮುಳ್ಳು. ಬೇಸಿಗೆ ಶುರುವಾಗೋ ಹೊತ್ತಿಗೆ ಎಲೆ ಉದುರಿಸಿ ಬೋಳು ರೆಂಬೆ ತುಂಬ ಬಿಳಿ ಹೂ ಬಿಡುತ್ತೆ, ದನ ಹೊಡ್ಕೊಂಡು ಹೋಗುವಾಗ ದೂರಕ್ಕೇ ವಾಸನೆ. ಈಗಿನ ವರ್ಗೀಕರಣದಲ್ಲಿ ಅದನ್ನ ಡಾಗ್‌ವುಡ್ ಕುಟುಂಬಕ್ಕೇ ಸೇರಿಸಿದ್ದಾರೆ. ಅದರ ಹಣ್ಣು ತಿಂದು ಬಾಯಿ ಅಂಟಂಟು ಮಾಡ್ಕೊಂಡವರು ನಾವು. ಕೆನಡಾ ತನಕ ಯಾಕೆ ಹೋಗ್ತೀರಿ?

ಆಲ್ದೂರು ಅಂಗಳ | ಡಿಸೆಂಬರ್ 11

ಕಣದ ಪಕ್ಕ ಮುಳ್ಳಿನ ಗಿಡ ನೆಟ್ಟರೆ ಕಾಫಿ ಹರವೋರು ನನ್ನನ್ನೇ ಅಲ್ಲಿ ಹರವ್ತಾರೆ ಅಣ್ಣ.

ಸಕಲೇಶಪುರ ಮಂಜು | ಡಿಸೆಂಬರ್ 12

ತಡವಾಗಿ ನೋಡಿದೆ. ಡಾಗ್‌ವುಡ್ ಅನ್ನೋ ಹೆಸರಿನ ಆಸೆಯೇ ಇದ್ದರೆ ಇನ್ನೊಂದು ದಾರಿ ಇದೆ. ಮುಸ್ಸೆಂಡಾ. ಕೆಲವು ದೇಶಗಳಲ್ಲಿ ಅದನ್ನ 'ಟ್ರಾಪಿಕಲ್ ಡಾಗ್‌ವುಡ್' ಅಂತಲೇ ಮಾರ್ತಾರೆ. ಕುಟುಂಬ ಬೇರೆ, ಸಂಬಂಧ ಇಲ್ಲ. ಆದರೆ ಕೇಳಿ, ಅದು ಕಾಫಿ ಕುಟುಂಬದ್ದು. ಕಾಫಿ, ಕೇಪಳ, ಮುಸ್ಸೆಂಡಾ ಮೂರೂ ಒಂದೇ ಮನೆಯವು. ನಿಮ್ಮ ಕಾಫಿ ಬರೋ ಮಣ್ಣು ಅದಕ್ಕೂ ಸರಿ.

ನಮ್ಮ ಕಾಡಂಚಲ್ಲೇ ಬೆಳ್ಳೊಟ್ಟಿ ಇಲ್ವಾ? ಚಿಕ್ಕ ಕಿತ್ತಳೆ ಹೂ, ಪಕ್ಕದಲ್ಲಿ ಒಂದೇ ಒಂದು ಬಿಳೀ ಎಲೆ ಅಂಟಿಸಿದ ಹಾಗೆ. ಅದೂ ಮುಸ್ಸೆಂಡಾನೇ. ಆ ಬಿಳೀದು ಎಲೆಯೂ ಅಲ್ಲ, ಹೂವಿನ ಎಸಳೂ ಅಲ್ಲ. ಮೊಗ್ಗಿನ ಹೊರಗೆ ಐದು ಹಸಿರು ಚೂರು ಇರುತ್ತಲ್ಲ, ಪುಷ್ಪಪತ್ರ, ಅದರಲ್ಲಿ ಒಂದು ಮಾತ್ರ ಹಿಗ್ಗಿ ಬಣ್ಣ ಕಟ್ಟಿದ್ದು. ಫಿಲಿಪ್ಪೀನ್ಸಿನಲ್ಲಿ ಐದೂ ಹಿಗ್ಗಿದ ಗಿಡವೊಂದು ಸಿಕ್ಕಿ, ಅದೇ 'ಡೋನಾ ಅರೋರಾ' ಆಯ್ತು. ಅಲ್ಲಿ ಹಿಂದೆ ಅಧ್ಯಕ್ಷರಾಗಿದ್ದವರೊಬ್ಬರ ಹೆಂಡತಿ ಹೆಸರು ಅದು. ಅದನ್ನ ಆಫ್ರಿಕಾದ ಕೆಂಪು ಮುಸ್ಸೆಂಡಾ ಜೊತೆ ಕೂಡಿಸಿ ಗುಲಾಬಿ ತಳಿಗಳನ್ನ ಮಾಡಿದರು. ನರ್ಸರಿಯಲ್ಲಿ ಸಿಗೋ 'ಕ್ವೀನ್ ಸಿರಿಕಿಟ್' ಆ ಸಾಲಿನದು.

ನಮ್ಮ ಮನೆ ಮುಂದೆ ಹನ್ನೊಂದು ವರ್ಷದ ಗಿಡ ಇದೆ. ಹೂ ಬಿಟ್ಟರೆ ಎಲೆ ಕಾಣಲ್ಲ.

ಕೊಟ್ಟಿಗೆಹಾರದ ಕೊಡೆ | ಡಿಸೆಂಬರ್ 12

ಮಂಜು ಸರ್, ನಿಮ್ಮಲ್ಲಿ ಹೇಗೋ ಗೊತ್ತಿಲ್ಲ. ನಾನು ಎಲ್ಲರೂ ಹೇಳಿದ ಹಾಗೆ ಫೆಬ್ರವರಿಯಲ್ಲಿ ಕಡಿದೆ. ಏಪ್ರಿಲ್ ಮಳೆಗೆ ಚಿಗುರಿತು, ಮೇ ಕೊನೆಗೆ ಗೊಂಚಲು ಗೊಂಚಲು ಗುಲಾಬಿ. ಹದಿನೈದು ದಿನ ಸಂಭ್ರಮ. ಆಮೇಲೆ ಜಡಿಮಳೆಗೆ ಅಷ್ಟೂ ನೆನೆದ ಪೇಪರ್ ಥರ ಕಂದಾಗಿ ಕೊಂಬೆಗೇ ಅಂಟ್ಕೊಂಡು ಕೂತವು, ಉದುರೋದೂ ಇಲ್ಲ. ನೆಂಟರು ಬಂದಾಗ ಕೈಯಲ್ಲಿ ಕಿತ್ತು ಕಿತ್ತು ಸಾಕಾಯ್ತು.

ಸಕಲೇಶಪುರ ಮಂಜು | ಡಿಸೆಂಬರ್ 12

ಅದಕ್ಕೇ ನಾನು ಎರಡು ಸಲ ಕಡಿಯೋದು. ಕುಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಮೊಣಕಾಲೆತ್ತರಕ್ಕೆ, ಗಟ್ಟಿಯಾಗಿ. ಕಡಿದ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು). ಮತ್ತೆ ಆಗಸ್ಟ್ ಕೊನೆಗೆ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ, ತುದಿಯಿಂದ ಒಂದಡಿ. ಮುಸ್ಸೆಂಡಾ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ ಮಾತ್ರ. ಆಗಸ್ಟಲ್ಲಿ ಮುಟ್ಟಿದರೆ ನವೆಂಬರ್ ಹೊತ್ತಿಗೆ ಬಣ್ಣ. ಅಕ್ಕನಿಗೆ ಬೇಕಾಗಿರೋದೂ ಕುಯ್ಲಿನ ಹೊತ್ತಿಗೇ ಅಲ್ವಾ? ಜನವರಿ ಚಳಿಗೆ ಅರ್ಧ ಎಲೆ ಉದುರಿಸಿ ಸೊರಗಿದ ಹಾಗೆ ಕಾಣುತ್ತೆ, ಹೆದರಿ ನೀರು ಸುರೀಬೇಡಿ.

ಕಡ್ಡಿ ನೆಟ್ಟು ಬರಿಸೋದು ಕಷ್ಟ. ಹತ್ತು ನೆಟ್ಟರೆ ಒಂದು ಬದುಕಿದ್ರೆ ಪುಣ್ಯ. ಗೂಟಿ ಕಟ್ಟಿ. ಪೆನ್ಸಿಲ್ ದಪ್ಪದ ರೆಂಬೆಯಲ್ಲಿ ಒಂದಿಂಚು ತೊಗಟೆ ಉಂಗುರದ ಹಾಗೆ ತೆಗೆದು, ಒಳಗಿನ ಜಾರು ಪದರ ಚಾಕುವಿನ ಬೆನ್ನಲ್ಲಿ ಒರೆಸಿ ತೆಗೀಬೇಕು. ಅದು ಉಳಿದರೆ ಗಾಯ ಕೂಡ್ಕೊಂಡು ಬಿಡುತ್ತೆ, ಬೇರು ಬರಲ್ಲ. ಮರದ ಮೇಲಿನ ಪಾಚಿ ಹಿಂಡಿ ಸುತ್ತಿ, ಪ್ಲಾಸ್ಟಿಕ್ ಹಾಳೆ ಬಿಗಿದು ಕಟ್ಟಿ. ಜೂನಲ್ಲಿ ಕಟ್ಟಿದರೆ ಎರಡು ತಿಂಗಳಲ್ಲಿ ಹಾಳೆಯೊಳಗೆ ಬಿಳಿ ಬೇರು ಕಾಣುತ್ತೆ.

ಹಾಸನದ ಹೂಕುಂಡ | ಡಿಸೆಂಬರ್ 13

ನನ್ನ ಮುಸ್ಸೆಂಡಾ ಹಾಸನದಲ್ಲಿ ಕಾಂಪೌಂಡ್ ಪಕ್ಕ ಇದೆ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಯೂರಿಯಾ ಹಾಕಿದೆ, ಸಗಣಿ ಗೊಬ್ಬರ ಹಾಕಿದೆ, ಊಹೂಂ.

ಬಯಲಸೀಮೆ ಸೊಸೆ | ಡಿಸೆಂಬರ್ 13

ಬೋರ್‌ವೆಲ್ ನೀರಾ? ಕಾಂಪೌಂಡಿನ ಗಾರೆ ಬುಡಕ್ಕೆ ಬಿದ್ದಿದೆಯಾ? ಎರಡೂ ಸುಣ್ಣವೇ. ಮಣ್ಣು ಕ್ಷಾರ ಆದರೆ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ಎಳೆ ಎಲೆಯಲ್ಲಿ ಮೊದಲು ಕಾಣೋದು ಅದರ ಗುರುತು. ಯೂರಿಯಾ ಹಾಕಿ ಏನೂ ಆಗಲ್ಲ.

ಅನ್ನಭೇದಿ, ಅಂದ್ರೆ ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಉಪ್ಪು, ತಗೊಳ್ಳಿ. ಲೀಟರ್ ನೀರಿಗೆ 5 ಗ್ರಾಂ, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಎಲೆ ಮೇಲೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ. ಗೋಡೆಗೆ, ಟೈಲ್ಸಿಗೆ ತಾಗಿಸಬೇಡಿ, ತುಕ್ಕಿನ ಕಲೆ ಹೋಗಲ್ಲ (ಅತ್ತೆಯ ತುಳಸಿಕಟ್ಟೆ ಮೇಲೆ ಪ್ರಯೋಗ ಆಗಿದೆ). ಆಮೇಲೆ ಬುಡದ ಗಾರೆ ಮಣ್ಣು ತೆಗೆದು ಎಲೆಗೊಬ್ಬರ ತುಂಬಿ, ಸಾಧ್ಯವಾದಷ್ಟು ಮಳೆನೀರು ಹಿಡಿದು ಹಾಕಿ.

ತರೀಕೆರೆ ದಾರಿ | ಡಿಸೆಂಬರ್ 13

ಕೆಂಪೇ ಬೇಕಂದ್ರೆ ಕ್ರಿಸ್‌ಮಸ್ ಗಿಡ ಹಾಕಿ, ಪಾಯಿನ್ಸೆಟ್ಟಿಯಾ. ಕಾಸು ಖರ್ಚಿಲ್ಲ, ಯಾರ ಬೇಲಿಯಿಂದ ಬೇಕಾದ್ರೂ ಕಡ್ಡಿ ತಂದು ಚುಚ್ಚಿ. ಹಾಲು ಒಸರೋದು ನಿಂತು ಒಣಗಿದ ಮೇಲೆ ನೆಡಬೇಕು ಅಷ್ಟೇ.

ಆಲ್ದೂರು ಅಂಗಳ | ಡಿಸೆಂಬರ್ 13

ಅದು ಇದೆ ಅಣ್ಣ, ಕಣದ ಮೂಲೆಯಲ್ಲೇ ಇದೆ! ನಾಲ್ಕು ವರ್ಷ ಆಯ್ತು, ಡಿಸೆಂಬರಿಗೂ ಹಸಿರಾಗೇ ನಿಂತಿರುತ್ತೆ. ಹಿಂಬದಿ ಎರಡು ರೆಂಬೆ ಮಾತ್ರ ಕೆಂಪಾಗುತ್ತೆ. ಜಾತಿ ಸರಿ ಇಲ್ಲ ಅಂತ ಕಡಿಸೋಕೆ ಹೇಳಿದ್ದೆ.

ಬಯಲಸೀಮೆ ಸೊಸೆ | ಡಿಸೆಂಬರ್ 13

ಕಡಿಸಬೇಡಿ! ಕಣದಲ್ಲಿ ರಾತ್ರಿ ಲೈಟ್ ಉರಿಸ್ತೀರಾ?

ಆಲ್ದೂರು ಅಂಗಳ | ಡಿಸೆಂಬರ್ 13

ಉರಿಸದೆ? ನವೆಂಬರಿಂದ ಜನವರಿ ತನಕ ಬೆಳಗಿನವರೆಗೂ. ಕಾಫಿ ಕದ್ಕೊಂಡು ಹೋದರೆ?

ಬಯಲಸೀಮೆ ಸೊಸೆ | ಡಿಸೆಂಬರ್ 14

ಅದೇ ನೋಡಿ. ಪಾಯಿನ್ಸೆಟ್ಟಿಯಾ ರಾತ್ರಿಯ ಉದ್ದ ಅಳೆಯುತ್ತೆ. ದೀಪಾವಳಿ ಸುಮಾರಿಗೆ ರಾತ್ರಿ ಉದ್ದ ಆಗ್ತಾ ಬಂದು, ದಿನಾ ಕತ್ತಲು ಮಧ್ಯೆ ಮುರಿಯದೆ ಸಿಕ್ಕರೆ ತುದಿ ಎಲೆ ಕೆಂಪಾಗುತ್ತೆ. ನಡುರಾತ್ರಿ ಲೈಟ್ ಬಿದ್ದರೆ ಅದರ ಲೆಕ್ಕ ತಪ್ಪುತ್ತೆ, ಇನ್ನೂ ಬೇಸಿಗೆ ಅಂತ ಹಸಿರೆಲೆ ಬಿಡ್ತಾ ಕೂರುತ್ತೆ. ಹಿಂಬದಿ ಎರಡು ರೆಂಬೆಗೆ ಉಳಿದ ಗಿಡದ ನೆರಳಿದೆ, ಅದಕ್ಕೇ ಅವು ಕೆಂಪು. ಗಿಡದ ಜಾತಿ ಸರಿಯಾಗೇ ಇದೆ.

ಮಾರ್ಚಲ್ಲಿ ಮೊಣಕಾಲೆತ್ತರಕ್ಕೆ ಕಡೀರಿ, ಮಳೆಗಾಲದಲ್ಲಿ ಎರಡು ಸಲ ತುದಿ ಚಿವುಟಿ. ಆಗಸ್ಟ್ ಆದ ಮೇಲೆ ಕತ್ತರಿ ತೋರಿಸಬೇಡಿ. ಲೈಟಿಗೆ ಏನಾದ್ರೂ ಮರೆ ಮಾಡಿ.

ಆಲ್ದೂರು ಅಂಗಳ | ಫೆಬ್ರವರಿ 22

ಮಂಜು ಸರ್ ಹೇಳಿದ ಹಾಗೆ ಗುಲಾಬಿ ಮುಸ್ಸೆಂಡಾ ಎರಡು ತಂದಿದ್ದೀನಿ. ನರ್ಸರಿಯಲ್ಲಿ ಹೆಸರು ಕೇಳಿದರೆ "ಪಿಂಕ್ ಮುಸಂಡ" ಅಷ್ಟೇ. ಸಿರಿಕಿಟ್ ರಾಣಿಯೋ ಅವಳ ದಾಸಿಯೋ, ಹೂ ಬಿಟ್ಟಾಗ ನೋಡ್ಕೊಳ್ಳೋಣ. ಇನ್ನೂ ಚಿಕ್ಕವು, ಈ ವರ್ಷ ಕಡಿಯಲ್ಲ. ಕಾಡುಮಣ್ಣು, ಕಾಂಪೋಸ್ಟ್ ಹಾಕಿ, ಬುಡಕ್ಕೆ ದರಗು ಮುಚ್ಚಿದ್ದೀನಿ. ಬೆಳಗಿನ ಬಿಸಿಲು ಪೂರ್ತಿ, ಮಧ್ಯಾಹ್ನದ ಮೇಲೆ ಸಿಲ್ವರ್ ಓಕ್ ನೆರಳು. ಸಾಕಾ?

ಸಕಲೇಶಪುರ ಮಂಜು | ಫೆಬ್ರವರಿ 22

ಸಾಕು. ಎಲೆ ಅಡಿಯಲ್ಲಿ ಬಿಳಿ ನೊಣ, ಹಿಟ್ಟು ತಿಗಣೆ ಬರುತ್ತಾ ನೋಡ್ತಿರಿ. ಶುರುವಲ್ಲೇ ಬೇವಿನೆಣ್ಣೆಗೆ ಸೋಪ್ ಕಲಸಿ ಹೊಡೆದರೆ ಹೋಗುತ್ತೆ.

ಆಲ್ದೂರು ಅಂಗಳ | ನವೆಂಬರ್ 27

ವರ್ಷ ಆಗ್ತಾ ಬಂತು, ಸುದ್ದಿ ಹೇಳಬೇಕಲ್ಲ.

ಮಗಳು ಏಪ್ರಿಲಲ್ಲಿ ಧೈರ್ಯ ಮಾಡಿ ಅವಳ ಡಾಗ್‌ವುಡ್ ಕಡಿದಳು. ಕಡಿದ ದಿನ ರಾತ್ರಿ ಫೋನ್ ಮಾಡಿ "ಅಮ್ಮ, ಸತ್ತುಹೋದರೆ ನಿನ್ನ ಗುಂಪಿನವರೇ ಹೊಣೆ" ಅಂದಿದ್ದಳು. ಮೊನ್ನೆ ಫೋಟೋ ಕಳಿಸಿದಾಳೆ. ಹೋದ ವರ್ಷದ್ದು ಕುಂಕುಮ ಅಂದಿದ್ದೆ, ಈ ವರ್ಷದ್ದು ಕುಂಕುಮಕ್ಕೆ ಎಣ್ಣೆ ಹಾಕಿ ಕಲಸಿದ ಹಾಗಿದೆ. ಕಡಿಯದೆ ಬಿಟ್ಟ ಒಂದೇ ಒಂದು ಹಳೇ ಕಡ್ಡಿ ಮಧ್ಯದಲ್ಲಿ ಬೂದಿ ಬಣ್ಣದಲ್ಲಿ ನಿಂತಿದೆ.

ಇಲ್ಲಿ ಮುಸ್ಸೆಂಡಾ ಒಂದು ಗೊಂಚಲು ಬಿಟ್ಟಿದೆ. ಅಂಗೈಯಗಲ, ತಿಳಿ ಗುಲಾಬಿ, ಅಂಚು ಒಂಚೂರು ಕಡು. ಇನ್ನೊಂದು ಗಿಡಕ್ಕೆ ಹಸು ಬಾಯಿ ಹಾಕಿ ಅದೇ ಕಸಿ ಮಾಡಿ ಮುಗಿಸಿದೆ.

ಪಾಯಿನ್ಸೆಟ್ಟಿಯಾಕ್ಕೆ ನಮ್ಮ ಮನೆಯವರು ಹಳೇ ಎಣ್ಣೆ ಡಬ್ಬ ಸೀಳಿ ತಗಡು ಮಾಡಿ, ಗಿಡದ ಕಡೆಗೆ ಬೆಳಕು ಬೀಳದ ಹಾಗೆ ಬಲ್ಬಿಗೆ ಕಟ್ಟಿದ್ದಾರೆ. ಕಣಕ್ಕೆ ಬೆಳಕು ಇದ್ದೇ ಇದೆ. ಮೂರು ವಾರ ಆಯ್ತು. ನಾಲ್ಕು ವರ್ಷ ಹಸಿರಾಗೇ ನಿಂತಿದ್ದ ಮಗ್ಗುಲಲ್ಲಿ ತುದಿ ಎಲೆಗಳ ನರ ಕೆಂಪಾಗಿದೆ, ನರದಿಂದ ಅಂಚಿಗೆ ಹರಡ್ತಾ ಇದೆ. ರೈಟರ್ ದಿನಾ ಬೆಳಗ್ಗೆ ಹಾಜರಿ ಬರೆಯೋಕೆ ಮುಂಚೆ ಹೋಗಿ ಎಷ್ಟು ಎಲೆ ಆಯ್ತು ಅಂತ ಎಣಿಸಿ ಬರ್ತಾನೆ. ಇವತ್ತಿಗೆ ಹದಿನೇಳು.

ಹಾಸನದ ಹೂಕುಂಡ | ನವೆಂಬರ್ 27

ಅಕ್ಕ, ಅನ್ನಭೇದಿ ಹೊಡೆದ ಮೇಲೆ ನನ್ನದೂ ಹಸಿರಾಯ್ತು. ಮಂಜು ಸರ್, ಜೂನಲ್ಲಿ ಕಟ್ಟಿದ ಗೂಟಿಯಲ್ಲಿ ಒಂದು ಉಳಿದಿದ್ದರೆ ನನಗೆ ಇಟ್ಟಿರಿ. ಭಾನುವಾರ ಸಕಲೇಶಪುರಕ್ಕೆ ಮದುವೆಗೆ ಬರ್ತಿದ್ದೀನಿ, ಚೀಲ ನಾನೇ ತರ್ತೀನಿ.

ಸಕಲೇಶಪುರ ಮಂಜು | ನವೆಂಬರ್ 28

ಎರಡಿದೆ. ಊಟ ಮುಗಿಸಿ ಬನ್ನಿ. ಕಾರಲ್ಲಿ ಎಸಿ ಗಾಳಿ ನೇರ ಗಿಡಕ್ಕೆ ಬೀಳದ ಹಾಗೆ ಇಟ್ಕೊಳ್ಳಿ.